ಎಣ್ಣೆ ಬಾಯ್ಲರು, ತಂಗಿಯ ಮಡಿಲಕ್ಕಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮದ್ದೂರಿನ ಹತ್ತಿರ ಅಪ್ಪ ನಡೆಸುತ್ತಿದ್ದ ಹಿಟ್ಟಿನ ಗಿರಣಿಯಲ್ಲಿ, ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ಬೆಳೆದವಳು ನಾನು. ಅಲ್ಲಿ ಮೆತ್ತಗೆ ಮಾತಾಡಿದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕೂಗುವುದನ್ನೂ ಸ್ಪ್ಯಾನರ್ ಹಿಡಿಯುವುದನ್ನೂ ಒಟ್ಟೊಟ್ಟಿಗೇ ಕಲಿತೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗ ಸಮುದ್ರ ದಾಟಿ ಬಂದು, ರೂಟ್ ಒನ್ ಹೆದ್ದಾರಿಯ ಮೇಲಿನ ಒಂದು ಆಫೀಸಿನಲ್ಲಿ ಕೂತು ಪಂಪುಗಳ ಡ್ರಾಯಿಂಗ್ ಮಾಡುತ್ತೇನೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನುತ್ತಾರಲ್ಲ, ಕೈ ಇನ್ನೂ ಕಬ್ಬಿಣವನ್ನೇ ಹುಡುಕುತ್ತದೆ.

ಕೆಂಡಲ್ ಪಾರ್ಕಿನ ನಮ್ಮ ಮನೆ ಹಳೆಯದು. ಸುತ್ತಮುತ್ತಲಿನವರೆಲ್ಲ ಗ್ಯಾಸಿಗೆ ಬದಲಾಯಿಸಿಕೊಂಡರು, ನಮ್ಮ ಬೇಸ್‌ಮೆಂಟಿನಲ್ಲಿ ಮಾತ್ರ ಎಣ್ಣೆ ಬಾಯ್ಲರೇ ಉಳಿಯಿತು. ಮೂಲೆಯಲ್ಲಿ ಎಣ್ಣೆಯ ಟ್ಯಾಂಕು, ಅಲ್ಲಿಂದ ಗೋಡೆಯ ಗುಂಟ ಬರುವ ತಾಮ್ರದ ಸಣ್ಣ ಪೈಪು, ಅದರ ತುದಿಯಲ್ಲಿ ಎಣ್ಣೆಯನ್ನು ಸಿಂಪಡಿಸಿ ಬೆಂಕಿ ಹೊತ್ತಿಸುವ ಬರ್ನರ್. ಆ ಬೆಂಕಿ ನೀರು ಕಾಯಿಸುತ್ತದೆ, ಆ ನೀರು ಮನೆಯೆಲ್ಲ ಸುತ್ತಿ ನಮ್ಮನ್ನು ಬೆಚ್ಚಗಿಡುತ್ತದೆ. ಪ್ರತಿವರ್ಷ ಚಳಿ ಶುರುವಾಗುವ ಮೊದಲು ಅದರ ಸರ್ವೀಸು ನನ್ನದೇ. ಫಿಲ್ಟರ್ ಬದಲಿಸಬೇಕು, ಎಣ್ಣೆ ಚಿಮ್ಮುವ ನಾಝಲ್ ಬದಲಿಸಬೇಕು, ಒಳಗಿನ ಮಸಿಯನ್ನು ತಂತಿಯ ಬ್ರಷ್ಷಿನಿಂದ ಕೆರೆದು ತೆಗೆಯಬೇಕು. ತುಕ್ಕು ಹಿಡಿದ ಬೋಲ್ಟು ಬಾರದೆ ಹೋದರೆ ಸುತ್ತಿಗೆಯಲ್ಲಿ ನಾಲ್ಕು ಬಿಟ್ಟು, ಮಂಡ್ಯದ ಕಡೆಯ ಬೈಗುಳಗಳನ್ನು ಒಂದೂ ಬಿಡದೆ ಬೈಯುತ್ತೇನೆ. ನನ್ನ ಯಜಮಾನರು ಆಗ ಬೇಸ್‌ಮೆಂಟಿನ ಬಾಗಿಲು ಹಾಕಿಕೊಂಡು ಹೊರಗೆ ಹೋಗಿಬಿಡುತ್ತಾರೆ.

ಈ ಬಾಯ್ಲರಿಗೆ ಎರಡು ಕೆಂಪು ವಸ್ತುಗಳಿವೆ. ಒಂದು, ಬೇಸ್‌ಮೆಂಟಿನ ಮೆಟ್ಟಿಲಿನ ಮೇಲ್ತುದಿಯಲ್ಲಿರುವ ಕೆಂಪು ಸ್ವಿಚ್ಚು. ಏನಾದರೂ ಎಡವಟ್ಟಾದರೆ ಅದನ್ನು ಆರಿಸಬೇಕು, ಎಲ್ಲ ನಿಲ್ಲುತ್ತದೆ. ಇನ್ನೊಂದು, ಬರ್ನರಿನ ಮೇಲಿರುವ ಕೆಂಪು ರೀಸೆಟ್ ಬಟನ್. ಬೆಂಕಿ ಆರಿಹೋದರೆ ಅದನ್ನು ಒಂದು ಸಲ ಒತ್ತಬಹುದು. ಹೊತ್ತಿಕೊಳ್ಳದಿದ್ದರೆ ಕೈ ತೆಗೆದು ಕಾರಣ ಹುಡುಕಬೇಕು. ಒತ್ತಿದಾಗಲೆಲ್ಲ ಒಳಗೆ ಎಣ್ಣೆ ಸುರಿಯುತ್ತದೆ, ಉರಿಯದೆ ಮಡುಗಟ್ಟುತ್ತದೆ. ಆಮೇಲೆ ಯಾವಾಗಲೋ ಒಂದು ಕಿಡಿ ತಗುಲಿದರೆ ಅಷ್ಟೂ ಎಣ್ಣೆ ಒಂದೇ ಏಟಿಗೆ ಸಿಡಿಯುತ್ತದೆ. ನಮ್ಮ ಮನೆಗೆ ಬಂದು ಉಳಿದುಕೊಳ್ಳುವವರಿಗೆಲ್ಲ ಕಾಫಿ ಕೊಡುವ ಮೊದಲೇ ನಾನು ಇದನ್ನು ಹೇಳುತ್ತೇನೆ.

ಎರಡು ಚಳಿಗಾಲದ ಹಿಂದೆ ತಂಗಿಗೂ ಹೇಳಿದೆ. ಅವಳು ಹತ್ತಿರದ ಊರು ಮನ್ರೋದಲ್ಲಿ ಗಂಡನ ಜೊತೆ ಹೊಸ ಮನೆಯಲ್ಲಿದ್ದವಳು. ಒಂದು ಬೆಳಿಗ್ಗೆ ಸಣ್ಣ ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ತುಟಿ ಒಡೆದು ಊದಿಕೊಂಡಿತ್ತು. ನನ್ನ ಯಜಮಾನರು ಅವರ ತಾಯಿಯ ಆಪರೇಷನ್ ಅಂತ ಊರಿಗೆ ಹೋಗಿದ್ದರು, ಮನೆಯಲ್ಲಿ ನಾನೊಬ್ಬಳೇ.

"ಐಸ್ ಮೇಲೆ ಜಾರ್ಬಿಟ್ಟೆ ಅಕ್ಕ," ಅಂದಳು.

"ಐಸು ಬೆರಳಿಗೆ ಉಂಗುರ ಹಾಕ್ಕೊಂಡಿತ್ತಾ?" ಅಂದೆ. ತುಟಿಯ ಪಕ್ಕದಲ್ಲಿ ಉಂಗುರದ ಕಲ್ಲು ಕೊರೆದ ಗಾಯ ಹಾಗೇ ಕಾಣುತ್ತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಸಿಂಕಿಗೆ ಎಸೆದೆ, ಅದು ಪುಟಿದು ಕಿಟಕಿಗೆ ಬಡಿದು ಗಾಜು ಸೀಳಿತು. ಆ ಸೀಳು ಇವತ್ತಿಗೂ ಇದೆ.

ಅವಳ ಗಂಡನನ್ನು ನೀವು ನೋಡಿದ್ದರೆ ನಿಮಗೂ ಇಷ್ಟವಾಗುತ್ತಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಯಾರ ಅಪ್ಪ ಅಮ್ಮ ಊರಿಂದ ಬಂದರೂ ಏರ್‌ಪೋರ್ಟಿಗೆ ಡ್ರೈವ್ ಮಾಡುವವನು ಅವನೇ, ಯಾರ ಮನೆ ಗೃಹಪ್ರವೇಶವಾದರೂ ಕುರ್ಚಿ ಹೊರುವವನು ಅವನೇ. ಆಂಟಿಯರೆಲ್ಲ ತಂಗಿಗೆ "ಪುಣ್ಯ ಮಾಡಿದ್ದೆ ಕಣೇ" ಅನ್ನುವರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತು ಅವನನ್ನು ನೋಡಿಯೇ ಹುಟ್ಟಿರಬೇಕು.

ಅವಳು ಬಾಯಿ ಬಿಟ್ಟಿದ್ದು ಬೇಸ್‌ಮೆಂಟಿನಲ್ಲಿ. ಆ ವಾರ ಎಣ್ಣೆಯ ವಾಸನೆ ಮನೆಗೆಲ್ಲ ಹರಡಿತ್ತು. ಹೋಗಿ ನೋಡಿದರೆ ಬರ್ನರಿಗೆ ಸೇರುವ ಪೈಪಿನ ಜಾಯಿಂಟು ಬೆವರುತ್ತಿತ್ತು, ಕೆಳಗೆ ಸಿಮೆಂಟಿನ ಮೇಲೆ ಎಣ್ಣೆಯ ಮಚ್ಚೆ. ನಾನು ಮಂಡಿಯೂರಿ ಕೂತು ನಟ್ಟು ಬಿಗಿಮಾಡುತ್ತಿದ್ದೆ, ಅವಳು ಟಾರ್ಚ್ ಹಿಡಿದು ಹಿಂದೆ ನಿಂತಿದ್ದಳು. ಮುಖ ಕಾಣದಿದ್ದರೆ ಮಾತು ಸಲೀಸು ಅನ್ನಿಸುತ್ತದೆ. ನನ್ನ ಬೆನ್ನಿಗೆ ಹೇಳುತ್ತಾ ಹೋದಳು.

"ನಾಲ್ಕು ಜನದ ಮುಂದೆ ನಾನು ಅವರ ಮಾತಿಗೆ ಎದುರಾಡಬಾರ್ದು ಅಕ್ಕ. ಯಾರದ್ದೋ ಮನೇಲಿ ದಾರಿ ಇದಲ್ಲ ಅದು ಅಂದ್ರೂ ಸಾಕು, ಮನೆಗೆ ಬಂದ್ಮೇಲೆ ಶುರು. ಕೋಟು ಮುಚ್ಚೋ ಕಡೆ ಹೊಡೀತಾರೆ. ಈ ಸಲ ಮಾತ್ರ ಮುಖಕ್ಕೆ ಬಿತ್ತು."

"ಪೊಲೀಸ್ ಕರೀಬೇಕಿತ್ತು."

"ನನ್ನ ವೀಸಾ ಅವರ ಮೇಲೇ ಇರೋದು, ಅವರನ್ನ ಬಿಟ್ರೆ ಈ ದೇಶದಲ್ಲಿ ಇರೋ ಹಾಗಿಲ್ಲ. ಆಮೇಲೆ ಯಾರು ನಂಬ್ತಾರೆ? ಬೇರೆಯವರ ಎದುರಿಗೆ ಒಂದಿನಾನೂ ಕೈ ಎತ್ತಿಲ್ಲ ಅವರು."

"ಇಲ್ಲಿಗೆ ಬರಲಿ. ಆ ಕೈ ಮುರೀತೀನಿ."

"ಬೇಡ ಅಕ್ಕ," ಅಂದಳು. ನಾನು ನಟ್ಟನ್ನು ಇನ್ನೂ ಬಿಗಿಮಾಡಿದೆ, ಜಾಯಿಂಟು ಇನ್ನೂ ಜಾಸ್ತಿ ಸೋರಿತು. ಅದು ಹಾಗೆಯೇ. ಆ ತಾಮ್ರದ ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯ ಹಾಗೆ ಅಗಲ ಮಾಡಿ ನಟ್ಟಿನೊಳಗೆ ಕೂರಿಸಿರುತ್ತಾರೆ. ಆ ಬಾಯಿ ಬಿರುಕು ಬಿಟ್ಟಿದ್ದರೆ ಎಷ್ಟು ತಿರುಗಿಸಿದರೂ ದಂಡ. ತುದಿ ಕತ್ತರಿಸಿ ಎಸೆದು ಹೊಸದಾಗಿ ಬಾಯಿ ಮಾಡಬೇಕು. ಅದಕ್ಕೆ ಬೇಕಾದ ಉಪಕರಣ ತರುವವರೆಗೆ ಕೆಳಗೊಂದು ಹಳೆಯ ಪಾತ್ರೆ ಇಟ್ಟು ಮೇಲೆ ಬಂದೆವು.

ನಮ್ಮಪ್ಪನೂ ಅಮ್ಮನಿಗೆ ಹೊಡೆಯುತ್ತಿದ್ದ. ಗಿರಣಿಯ ಎಂಜಿನ್ ಓಡುವಾಗ ಹೊಡೆದರೆ ಬೀದಿಗೆ ಕೇಳಿಸುತ್ತಿರಲಿಲ್ಲ. ಅಮ್ಮ ಆಗಾಗ ನಮ್ಮಿಬ್ಬರನ್ನು ಕಟ್ಟಿಕೊಂಡು ತವರಿಗೆ ಹೋಗುವಳು. ಅಜ್ಜಿ ಒಂದಷ್ಟು ದಿನ ಇಟ್ಟುಕೊಂಡು, ಎಣ್ಣೆನೀರು ಹಾಕಿ, ಒಳ್ಳೆಯ ದಿನ ನೋಡಿ ಮಗಳ ಮಡಿಲು ತುಂಬಿ ಕಳಿಸಿಬಿಡುವಳು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ. ಮಡಿಲು ತುಂಬಿದ ಮೇಲೆ ಹೆಣ್ಣುಮಗಳು ತವರಿನಲ್ಲಿ ಉಳಿಯುವ ಹಾಗಿಲ್ಲ, ಹೊಸ್ತಿಲು ದಾಟಲೇಬೇಕು. ಅಮ್ಮ ಆ ಅಕ್ಕಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ಬಸ್ಸಿನಲ್ಲಿ ಕೂರುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಂದ ವಾರದಲ್ಲೇ ಮತ್ತೆ ಎಂಜಿನ್ ಸದ್ದು ಜೋರಾಗುತ್ತಿತ್ತು.

ಆದ್ದರಿಂದ, ಇಲ್ಲಿ ನಾವೆಲ್ಲ ಅಂಕಲ್ ಅಂತ ಕರೆಯುವ ಒಬ್ಬರು ಫೋನ್ ಮಾಡಿ ಭಾನುವಾರ ಮಧ್ಯಾಹ್ನ ತಂಗಿಯ ಗಂಡನನ್ನು ಕರೆದುಕೊಂಡು ಬರುತ್ತೇನೆ ಅಂದಾಗ ನನಗೆ ಹೇಗಾಗಿರಬೇಕು ನೋಡಿ. ಅಂಕಲ್ ನಮಗೇನೂ ಸಂಬಂಧಿಕರಲ್ಲ. ಇಲ್ಲಿಗೆ ಬಂದು ಬಹಳ ವರ್ಷವಾದ ಹಿರಿಯರು, ಎಲ್ಲರ ಮನೆ ಪಂಚಾಯ್ತಿಗೂ ಅವರೇ.

"ನೋಡಮ್ಮ, ಹುಡುಗ ತಪ್ಪಾಯ್ತು ಅಂತ ನನ್ನ ಮುಂದೆ ಅತ್ತಿದಾನೆ. ಐ ವಿಲ್ ಟೇಕ್ ರೆಸ್ಪಾನ್ಸಿಬಿಲಿಟಿ. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ನೀನು ತವರಿನ ಸ್ಥಾನದಲ್ಲಿದೀಯ, ಮಡಿಲು ತುಂಬಿ ಕಳಿಸಿಬಿಡು."

"ಉಂಡು ಮಲಗಿದ್ಮೇಲೇ ಹೊಡೀತಾನಂತೆ ಅಂಕಲ್," ಅಂದೆ. ಅವರು ಕೇಳಿಸದವರ ಹಾಗೆ ರಾಹುಕಾಲದ ಮಾತೆತ್ತಿದರು. ಅದು ಬರುವುದರೊಳಗೆ ಹೊರಡಬೇಕಂತೆ.

ಬೈಯಲಿಕ್ಕೆ ತಂಗಿಯ ಕಡೆ ತಿರುಗಿದೆ. ಅವಳು ತಲೆ ತಗ್ಗಿಸಿ, "ಕಟ್ಟಿಬಿಡು ಅಕ್ಕ. ಹೋಗ್ತೀನಿ," ಅಂದಳು. ಎಷ್ಟು ದಿನ ನಿನ್ನ ಮನೆಯಲ್ಲಿರಲಿ, ವೀಸಾ ಇಲ್ಲದೆ ಎಲ್ಲಿಗೆ ಹೋಗಲಿ, ಅಂಕಲ್ ಮಾತು ಕೊಟ್ಟಿದ್ದಾರಲ್ಲ ಅಂತ ಅವಳದು ಒಂದೇ ಹಠ. ನಾನು ಎರಡು ದಿನ ಅವಳ ಜೊತೆ ಕಿತ್ತಾಡಿದೆ. ಕೂಗಿದೆ, ಬಾಗಿಲು ಬಡಿದೆ, ಹಾಳಾಗಿ ಹೋಗು ಅಂತಲೂ ಅಂದೆ. ಕತ್ತೆಯ ಕಿವಿಯಲ್ಲಿ ಮಂತ್ರ ಹೇಳಿದ ಹಾಗಾಯಿತು. ಕೊನೆಗೆ ಶನಿವಾರ ಹೋಗಿ ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ತಂದೆ. ಅಜ್ಜಿ ಮಾಡಿದ್ದನ್ನೇ ನಾನೂ ಮಾಡಲು ಹೊರಟಿದ್ದೆ, ಅದು ಗೊತ್ತಿದ್ದೂ ತಂದೆ.

ಭಾನುವಾರ ಬೆಳಿಗ್ಗೆ ಎದ್ದರೆ ಮನೆ ತಣ್ಣಗೆ ಕೊರೆಯುತ್ತಿತ್ತು. ಸೋರುವ ಜಾಯಿಂಟಿನಿಂದ ಗಾಳಿ ಒಳಗೆ ಸೇರಿ ಬರ್ನರ್ ಆರಿಹೋಗಿತ್ತು. ಹೊರಗೆ ಮಂಜು ಗಟ್ಟಿಯಾಗಿ ಕಲ್ಲಾಗಿತ್ತು. ನಾನು ಕೆಂಪು ಸ್ವಿಚ್ಚು ಆರಿಸಿ, ಟ್ಯಾಂಕಿನ ವಾಲ್ವು ಮುಚ್ಚಿ, ನಟ್ಟು ಬಿಚ್ಚಿದೆ. ಬಿರುಕು ಬಿಟ್ಟ ತುದಿಯನ್ನು ಇನ್ನೇನು ಕತ್ತರಿಸಬೇಕು, ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು. ಅಂಕಲ್ ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟಿದ್ದರು.

ಅವನು ಹೂವಿನ ಗೊಂಚಲು ಹಿಡಿದು ನಿಂತಿದ್ದ. "ಹೇಗಿದೀರ ಅತ್ತಿಗೆ?" ಅಂದ. ನಾನು ಎಣ್ಣೆಯ ಕೈ ತೋರಿಸಿ ದಾರಿ ಬಿಟ್ಟೆ. ಮನೆಯೊಳಗೆ ಎಲ್ಲರೂ ಕೋಟು ಹಾಕಿಕೊಂಡೇ ಕೂತರು. ಅಂಕಲ್ ಗಡಿಯಾರ ನೋಡಿ, ಶಾಸ್ತ್ರ ಮೊದಲು ಮುಗಿಸಿಬಿಡಮ್ಮ, ಆಮೇಲೆ ಬಾಯ್ಲರ್ ನೋಡ್ಕೋ ಅಂದರು.

"ನಾನು ನೋಡ್ಲಾ ಅತ್ತಿಗೆ?" ಅಂದ ಅವನು.

"ಮುಟ್ಟಬೇಡಿ. ಪೈಪು ಬಿಚ್ಚಿದೀನಿ."

ಸೀಮೆಎಣ್ಣೆಯಂಥ ಆ ವಾಸನೆ ಸೋಪಿಗೆ ಜಗ್ಗುವುದಿಲ್ಲ. ಎಷ್ಟು ತಿಕ್ಕಿದರೂ ಬೆರಳಿನಲ್ಲಿ ಉಳಿದೇ ಇತ್ತು. ಅದೇ ಕೈಯಲ್ಲಿ ತಂಗಿಗೆ ಅರಿಶಿನ ಕುಂಕುಮ ಇಟ್ಟೆ. ಅವಳು ಹಸಿರು ಸೀರೆಯುಟ್ಟು ಅಡುಗೆಮನೆಯ ಪಕ್ಕ ಮಣೆಯ ಮೇಲೆ ಕೂತಿದ್ದಳು. ಸೆರಗೊಡ್ಡಿದಳು. ಒಂದೊಂದೇ ಬೊಗಸೆ ಅಕ್ಕಿ ಹಾಕಿದೆ. ಅಮ್ಮನ ಸೆರಗು ನೆನಪಾಯಿತು, ಆದರೆ ಅತ್ತರೆ ಅಂಕಲ್ ಅದನ್ನು ಹೆಣ್ಣು ಕಳಿಸಿಕೊಡುವ ಶುಭದ ಕಣ್ಣೀರು ಅಂದುಕೊಳ್ಳುತ್ತಾರೆ ಅಂತ ಅಳಲಿಲ್ಲ. ಕೊಬ್ಬರಿ ಬೆಲ್ಲ ಇಟ್ಟು, ಸೆರಗಿನ ತುದಿಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿದೆ. ಅಷ್ಟರಲ್ಲಿ ಕೆಳಗೆ ಬರ್ನರಿನ ಮೋಟಾರು ಓಡಿದ ಸದ್ದು ಕೇಳಿಸಿತು.

ಓಡಿತು, ನಿಂತಿತು. ಮತ್ತೆ ಓಡಿತು, ನಿಂತಿತು. ನಾನು ತಲೆ ಎತ್ತಿ ನೋಡಿದರೆ ಸೋಫಾದ ಮೇಲೆ ಅಂಕಲ್ ಒಬ್ಬರೇ. ಅವನು ಕೆಂಪು ಸ್ವಿಚ್ಚು ಹಾಕಿಕೊಂಡು ಕೆಳಗಿಳಿದಿದ್ದ.

"ಅಕ್ಕ, ಬಟನ್ ಒತ್ತುತಾ ಇದಾರೆ," ಅಂದಳು ತಂಗಿ. ನನಗಿಂತ ಮೊದಲು ಅವಳೇ ಎದ್ದಳು. ಮಡಿಲಿನ ಅಕ್ಕಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬೇಸ್‌ಮೆಂಟಿನ ಮೆಟ್ಟಿಲು ಇಳಿದಳು. ಮೇಲಿನ ಸ್ವಿಚ್ಚು ಆರಿಸುವುದನ್ನೂ ಮರೆತು ನಾನು ಹಿಂದೆ, ನನ್ನ ಹಿಂದೆ ಅಂಕಲ್.

ಅವನು ಬಿಚ್ಚಿದ್ದ ನಟ್ಟನ್ನು ತಾನೇ ಹಾಕಿ, ವಾಲ್ವು ತೆರೆದಿದ್ದ. ಜಾಯಿಂಟಿನಿಂದ ಎಣ್ಣೆ ಧಾರೆಯಾಗಿ ನೆಲಕ್ಕೆ ಹರಿಯುತ್ತಿತ್ತು. ಮೊಣಕೈವರೆಗೆ ಎಣ್ಣೆ ಮಾಡಿಕೊಂಡು, ಹಳೆಯ ಸ್ಕೂಟರಿಗೆ ಕಿಕ್ ಹೊಡೆಯುವವನ ಹಾಗೆ ಆ ಬಟನ್ನನ್ನು ಒತ್ತುತ್ತಲೇ ಇದ್ದ. ನಾನು ಮೆಟ್ಟಿಲಿನ ಮಧ್ಯದಿಂದಲೇ ನಿಲ್ಲಿಸಿ ಅಂತ ಕೂಗಿದೆ.

"ನಾಲ್ಕು ಸಲ ಒತ್ತಿದ್ರೆ ತಾನಾಗೇ ದಾರಿಗೆ ಬರುತ್ತೆ ಅತ್ತಿಗೆ," ಅಂದ, ನಗುನಗುತ್ತಾ.

ತಂಗಿ ಅವನ ತೋಳು ಹಿಡಿದಳು. "ಬೇಡ ರೀ. ಅದನ್ನ ಒಂದು ಸಲಕ್ಕಿಂತ ಜಾಸ್ತಿ ಒತ್ತಬಾರ್ದು. ನಿಮಗೆ ಗೊತ್ತಿಲ್ಲ."

ಅವನು ತಿರುಗಿ ಅವಳ ಕೆನ್ನೆಗೆ ಬಾರಿಸಿದ. ಕೋಪದಿಂದ ಹೊಡೆದಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲವೇನೋ. ಮುಖದ ಮೇಲೆ ಕೂತ ನೊಣ ಹೊಡೆಯುವ ಹಾಗೆ, ಸರಿಯಾಗಿ ನೋಡದೆ ಹೊಡೆದ. ಅವಳ ತಲೆ ಗೋಡೆಗೆ ತಗುಲಿತು. ಹಿಂದೆ ಅಂಕಲ್ ಇದ್ದಾರೆ ಅನ್ನುವುದೂ ಅವನಿಗೆ ಮರೆತುಹೋಗಿತ್ತು. ಅದೇ ಕೈಯಲ್ಲಿ ಬಟನ್ನನ್ನು ಇನ್ನೊಂದು ಸಲ ಒತ್ತಿದ.

ಈ ಸಲ ಹೊತ್ತಿಕೊಂಡಿತು. ಬಾಯ್ಲರ್ ಒಳಗೆ ಮಡುಗಟ್ಟಿದ್ದ ಎಣ್ಣೆಯೆಲ್ಲ ಒಟ್ಟಿಗೆ ಸಿಡಿದು ಧಡ್ ಅಂತ ಮನೆಯೇ ಅಲುಗಿತು. ಬಾಯ್ಲರಿನ ಬಾಗಿಲು ಕಿತ್ತು ಎದುರಿನ ಗೋಡೆಗೆ ಬಡಿಯಿತು, ಹೊಗೆಕೊಳವೆ ಕಳಚಿ ಬಿತ್ತು, ಕಪ್ಪು ಮಸಿ ಮೋಡದ ಹಾಗೆ ನುಗ್ಗಿ ಎಲ್ಲವನ್ನೂ ಮುಚ್ಚಿತು. ಅವನು ಹಿಂದಕ್ಕೆ ಎಗರಿ ಬಿದ್ದ. ಮೇಲೆ ಅಲಾರಮ್ಮು ಅರಚಲು ಶುರುಮಾಡಿತು. ನಾನು ಅಂಕಲ್‌ರನ್ನು ತಳ್ಳಿಕೊಂಡು ಮೇಲೆ ಓಡಿ ಕೆಂಪು ಸ್ವಿಚ್ಚು ಆರಿಸಿದೆ. ಮತ್ತೆ ಇಳಿದು, ಕೆಮ್ಮುತ್ತಾ ತಡಕಾಡಿ ವಾಲ್ವು ಮುಚ್ಚಿ, ಹಿತ್ತಲ ಕಡೆಯ ಬಾಗಿಲು ಒದ್ದು ತೆರೆದೆ. ಒಳಗೆ ಉಳಿದಿದ್ದ ಎಣ್ಣೆ ಒಂದಷ್ಟು ಹೊತ್ತು ಗುರುಗುಟ್ಟುತ್ತಾ ಉರಿದು ಆರಿತು.

ಹೊಗೆ ಹೊರಗೆ ಹೋಗಿ ಬೆಳಕು ಬಂತು. ತಂಗಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿದೆ. ಅವನ ಎಣ್ಣೆಗೈ ಬಿದ್ದ ಜಾಗಕ್ಕೆ ಮಸಿ ಅಂಟಿಕೊಂಡಿತ್ತು. ಐದು ಬೆರಳು, ಅಂಗೈ, ಉಂಗುರದ ಗುರುತು ಕೂಡ, ಅಚ್ಚು ಹಾಕಿದ ಹಾಗೆ ಕಪ್ಪಗೆ ಕೆನ್ನೆಯ ತುಂಬ ಮೂಡಿತ್ತು.

ಪೈಪು ತಿರುಗಿಸುವ ದಪ್ಪ ಕಬ್ಬಿಣದ ವ್ರೆಂಚ್ ನೆಲದ ಮೇಲೆ ಬಿದ್ದಿತ್ತು. ಎತ್ತಿಕೊಂಡೆ. ಅವನು ಏಳಲು ನೋಡುತ್ತಿದ್ದ. ಹೊಡೆದ ಆ ಕೈಯ ಮೇಲೆ, ಮೊಣಕೈಯಿಂದ ಸ್ವಲ್ಪ ಕೆಳಗೆ, ಶಕ್ತಿಯಿದ್ದಷ್ಟೂ ಬಿಟ್ಟೆ. ಒಣಗಿದ ಕಟ್ಟಿಗೆ ಮುರಿದ ಸದ್ದು ಬಂತು. ಅವನು ಕಿರುಚಿಕೊಂಡ. ನನಗೆ ಸಾಕಾಗಲಿಲ್ಲ. ಈಗಲೂ ಹೇಳುತ್ತೇನೆ, ಎರಡನೆಯ ಏಟನ್ನು ತಲೆಗೇ ಎತ್ತಿದ್ದೆ. ಅಮ್ಮನ ಲೆಕ್ಕವೂ ಅದರಲ್ಲಿ ಸೇರಿತ್ತು. ತಂಗಿ ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಸಾಕು ಅಕ್ಕ. ನೀನು ಜೈಲಿಗೆ ಹೋದ್ರೆ ಬಾಯ್ಲರ್ ಯಾರು ರಿಪೇರಿ ಮಾಡ್ತಾರೆ?"

ಅವಳ ದನಿ ಸ್ವಲ್ಪವೂ ನಡುಗುತ್ತಿರಲಿಲ್ಲ. ನಾನು ವ್ರೆಂಚ್ ಕೆಳಗಿಳಿಸಿದೆ. ಅವನು ಎಡಗೈಯಲ್ಲಿ ಫೋನ್ ತೆಗೆದ. "ಐ ಆಮ್ ಕಾಲಿಂಗ್ ದ ಪೊಲೀಸ್. ನಿಮ್ಮಕ್ಕನ್ನ ಒಳಗೆ ಹಾಕಿಸ್ತೀನಿ," ಅಂದ, ಅಳುತ್ತಲೇ.

"ಕರೀರಿ," ಅಂದಳು ತಂಗಿ. "ಅವರು ಬರೋ ತನಕ ನಾನು ಮುಖ ತೊಳ್ಕೊಳ್ಳಲ್ಲ."

ಅವನು ಅವಳನ್ನು ನೋಡಿದ. ಫೋನಿನ ಬೆಳಕು ತಾನಾಗಿ ಆರುವವರೆಗೂ ಹಿಡಿದುಕೊಂಡಿದ್ದು, ಆಮೇಲೆ ಜೇಬಿಗೆ ಹಾಕಿಕೊಂಡ.

ಅಂಕಲ್ ಮೆಟ್ಟಿಲಿನ ಮೇಲೆ ಕೂತುಬಿಟ್ಟಿದ್ದರು. ಅವರ ಬಿಳಿಯ ಮೀಸೆಯೂ ಕಪ್ಪಾಗಿತ್ತು. ತಂಗಿಯ ಕೆನ್ನೆಯನ್ನು ನೋಡಲಾಗದೆ ಬಾಯ್ಲರ್ ಕಡೆ ಮುಖ ತಿರುಗಿಸಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಹೊಗೆಗೋ ಏನೋ ನನಗೆ ಗೊತ್ತಿಲ್ಲ.

"ನನ್ನ ಕಣ್ಮುಂದೇನೇ ಹೊಡೆದುಬಿಟ್ಟನಲ್ಲಮ್ಮ," ಅಂದರು. ಅಂತೂ ಈ ಮುದುಕರಿಗೆ ಬುದ್ಧಿ ಬಂತು ಅಂದುಕೊಂಡೆ. ಆದರೆ ಅವರು ಒಂದು ಸಲ ಕೆಮ್ಮಿ, ಮೊದಲಿನ ದನಿಯಲ್ಲೇ ಮುಂದುವರಿಸಿದರು. "ಇವತ್ತು ಅವನ ಮನೆಗೆ ಬೇಡ. ನಮ್ಮ ಮನೇಲಿರಲಿ, ಆಂಟಿ ಇದಾರೆ. ನಾಲ್ಕು ದಿನ ಬಿಟ್ಟು ಮಾತಾಡಣ. ಆದ್ರೆ ಮಡಿಲು ತುಂಬಿಯಾಗಿದೆ ನೋಡು, ಇನ್ನು ಇಲ್ಲಿ ಉಳಿಯೋ ಹಾಗಿಲ್ಲ. ತವರಿಗೆ ಒಳ್ಳೇದಲ್ಲ. ಹೊಸ್ತಿಲು ದಾಟಲೇಬೇಕು."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ತಂಗಿ ಬಾಯ್ಲರಿನ ಮುಂದಕ್ಕೆ ಹೋದಳು. ಅಲ್ಲಿ ಜಾಯಿಂಟಿನ ಕೆಳಗೆ ಎಣ್ಣೆ ಹರಡಿಕೊಂಡು, ಹಿತ್ತಲ ಬಾಗಿಲಿನ ಕಡೆಗೆ ಹರಿಯುತ್ತಿತ್ತು. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಅಷ್ಟೂ ಅಕ್ಕಿಯನ್ನು ಎಣ್ಣೆಯ ಮೇಲೆ ಸುರಿದಳು. ಕೊಬ್ಬರಿ ಬಟ್ಟಲು ಉರುಳಿಕೊಂಡು ಹೋಗಿ ಅವನ ಕಾಲಿಗೆ ತಗುಲಿ ನಿಂತಿತು.

"ಅಯ್ಯೋ, ಮಡಿಲಕ್ಕಿ ಕಣಮ್ಮ ಅದು," ಅಂದರು ಅಂಕಲ್.

"ಗೊತ್ತು ಅಂಕಲ್. ನಾನೇ ಕಟ್ಟಿಸ್ಕೊಂಡಿದ್ದು." ಸೆರಗು ಕೊಡವಿದಳು. ಉಳಿದಿದ್ದ ನಾಲ್ಕು ಕಾಳೂ ಉದುರಿದವು. "ಈಗ ಮಡಿಲು ಖಾಲಿ. ನಾನೆಲ್ಲಿಗೂ ಹೋಗಲ್ಲ."

ಅಂಕಲ್ ಅವನನ್ನು ಎಬ್ಬಿಸಿಕೊಂಡು ಹೊರಟರು, ಆಸ್ಪತ್ರೆಗೆ ಹೋಗಬೇಕಿತ್ತು. ರಾಹುಕಾಲ ಶುರುವಾಗಿತ್ತೋ ಇಲ್ಲವೋ, ಅವರು ಗಡಿಯಾರ ನೋಡಲಿಲ್ಲ. ತಂಗಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಎಣ್ಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅಕ್ಕಿಯನ್ನು ಎರಡೂ ಅಂಗೈಯಿಂದ ಎಣ್ಣೆಗೆ ಒತ್ತಿ ಒತ್ತಿ ತಿಕ್ಕುತ್ತಾ, ಆಗ ಅಳಲು ಶುರುಮಾಡಿದಳು.

ಅಕ್ಕಿ ಎಣ್ಣೆ ಹೀರುವುದಿಲ್ಲ. ಅದಕ್ಕೆ ಮರದ ಹೊಟ್ಟೋ, ಬೆಕ್ಕಿಗೆ ಹಾಕುವ ಮರಳೋ ಬೇಕು. ನಾನು ಅದನ್ನು ಹೇಳಲಿಲ್ಲ. ಅವಳ ಪಕ್ಕ ಕೂತು ನಾನೂ ತಿಕ್ಕಿದೆ.